ಸರ್ ಥಾಮಸ್ ಡೇಲ್: ವರ್ಜೀನಿಯಾ ಆಳಿ ಮಚಲೀಪಟ್ಟಣದಲ್ಲಿ ಸತ್ತ ಸೈನಿಕ

ಇಂದು ಕಲಂಕಾರಿ ಬಟ್ಟೆಗೆ ಹೆಸರಾಗಿರುವ ಆಂಧ್ರದ ಮಚಲೀಪಟ್ಟಣ ನಾಲ್ಕು ನೂರು ವರ್ಷಗಳ ಹಿಂದೆ ಗೋಲ್ಕೊಂಡದ ಕುತುಬ್ ಶಾಹಿ ಸುಲ್ತಾನರ ದೊಡ್ಡ ಬಂದರಾಗಿತ್ತು. 1619ರ ಆಗಸ್ಟ್ 9ರಂದು ಅಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹಡಗುಪಡೆಯ ಮುಖ್ಯಸ್ಥನೊಬ್ಬ ಕಾಯಿಲೆ ಬಿದ್ದು ಸತ್ತ. ಹೆಸರು ಸರ್ ಥಾಮಸ್ ಡೇಲ್. ಅದಕ್ಕೆ ಮೂರು ವರ್ಷಗಳ ಹಿಂದಷ್ಟೇ ಆತ ಅಮೆರಿಕದ ವರ್ಜೀನಿಯಾದಲ್ಲಿ ಡೆಪ್ಯುಟಿ ಗವರ್ನರ್ ಆಗಿದ್ದ. ಅಲ್ಲಿನ ಮೂಲನಿವಾಸಿ ಅರಸನ ಮಗಳು ಪೊಕಹಾಂಟಸ್‌ಳ ಮದುವೆಗೆ ಒಪ್ಪಿಗೆ ಕೊಟ್ಟವನು, ಉಗ್ರಾಣದಿಂದ ಕದ್ದವರನ್ನು ಮರಕ್ಕೆ ಕಟ್ಟಿ ಹಸಿವಿನಿಂದ ಸಾಯಿಸಿದವನು, ವಸಾಹತಿನ ರೈತನಿಗೆ ಮೊದಲ ಬಾರಿ ಮೂರು ಎಕರೆ ಸ್ವಂತ ಸಾಗುವಳಿ ಕೊಟ್ಟವನು, ಮೂವರೂ ಇವನೇ.

ಅಮೆರಿಕದ ವಸಾಹತುಗಳ ಕಥೆಯನ್ನೂ ಭಾರತಕ್ಕೆ ಬಂದ ಕಂಪನಿಯ ಕಥೆಯನ್ನೂ ನಾವು ಶಾಲೆಯಲ್ಲಿ ಬೇರೆ ಬೇರೆ ಪಾಠಗಳಾಗಿ ಓದಿದ್ದೇವೆ. ಲಂಡನ್ನಿನ ವ್ಯಾಪಾರಿಗಳಿಗೆ ಅವು ಬೇರೆಯಾಗಿರಲಿಲ್ಲ. 1600ರಲ್ಲಿ ಹುಟ್ಟಿದ ಈಸ್ಟ್ ಇಂಡಿಯಾ ಕಂಪನಿಯ ಮೊದಲ ಗವರ್ನರ್ ಸರ್ ಥಾಮಸ್ ಸ್ಮಿಥ್. 1609ರಿಂದ 1619ರವರೆಗೆ ವರ್ಜೀನಿಯಾ ಕಂಪನಿಯ ಖಜಾಂಚಿ, ಅಂದರೆ ಅದರ ಮುಖ್ಯಸ್ಥ, ಅದೇ ಸ್ಮಿಥ್. ಎರಡೂ ಷೇರು ಬಂಡವಾಳದ ಕಂಪನಿಗಳು, ಎರಡಕ್ಕೂ ರಾಜನ ಸನ್ನದು ಇತ್ತು. ದೂರದ ನೆಲದಲ್ಲಿ ಲಾಭ ತೆಗೆಯಬೇಕಾದರೆ ಕೋಟೆ ಕಟ್ಟಬಲ್ಲ, ಕಾದಬಲ್ಲ, ಜನರನ್ನು ಹೆದರಿಸಿ ದುಡಿಸಬಲ್ಲ ಸೈನಿಕರು ಬೇಕೆಂದು ಎರಡಕ್ಕೂ ಮನವರಿಕೆಯಾಗಿತ್ತು. ಅಂಥ ಸೈನಿಕರಿಗೆ ಆಗ ಇದ್ದ ದೊಡ್ಡ ತರಬೇತಿ ಶಾಲೆ ನೆದರ್ಲೆಂಡ್ಸ್‌ನ ಯುದ್ಧ. ಡೇಲ್ ಅಲ್ಲಿ ತಯಾರಾದವನು.

ಡಚ್ಚರ ಸಂಬಳದಲ್ಲಿ

ಸ್ಪೇನಿನ ಆಳ್ವಿಕೆಯ ವಿರುದ್ಧ ಡಚ್ಚರು 1568ರಿಂದ ಹೋರಾಡುತ್ತಿದ್ದರು. 1585ರಲ್ಲಿ ರಾಣಿ ಎಲಿಜಬೆತ್ ಅವರ ನೆರವಿಗೆ ಸೈನ್ಯ ಕಳಿಸಿದಳು. ಹೇಳಿಕೊಳ್ಳುವಂಥ ಮನೆತನದ ಬಲವಿಲ್ಲದೆ ಕತ್ತಿಯನ್ನೇ ನಂಬಿ ಬದುಕಬೇಕಾಗಿದ್ದ ಇಂಗ್ಲಿಷ್ ಯುವಕರಿಗೆ ಅದೊಂದು ದಾರಿಯಾಯಿತು. ಡೇಲ್ 1588ರ ಸುಮಾರಿಗೆ ಅಲ್ಲಿ ಸಾಮಾನ್ಯ ಸೈನಿಕನಾಗಿ ಸೇರಿ, ಮೆಲ್ಲಮೆಲ್ಲನೆ ಮೇಲೇರಿದ. ನಡುವೆ ಐರ್ಲೆಂಡಿನಲ್ಲಿ ಕೆಲಕಾಲ ಯುದ್ಧ ಮಾಡಿದ. ಸ್ಕಾಟ್ಲೆಂಡಿನಲ್ಲಿ ಎಳೆಯ ರಾಜಕುಮಾರ ಹೆನ್ರಿಯ ಪರಿವಾರದಲ್ಲಿದ್ದ. ಆ ಹುಡುಗನ ತಂದೆ ಜೇಮ್ಸ್ 1603ರಲ್ಲಿ ಇಂಗ್ಲೆಂಡಿನ ರಾಜನಾದಾಗ ಡೇಲ್‌ಗೂ ಅದೃಷ್ಟ ಖುಲಾಯಿಸಿತು. ಡಚ್ ಸೇವೆಯಲ್ಲಿ ಕ್ಯಾಪ್ಟನ್ ಆದ, 1606ರಲ್ಲಿ ನೈಟ್ ಪದವಿ ಪಡೆದು ‘ಸರ್’ ಎನಿಸಿಕೊಂಡ.

ಆ ಸೈನ್ಯದಲ್ಲಿ ಆತ ಏನು ಕಲಿತ ಎಂಬುದು ಮುಂದಿನ ಕಥೆಗೆ ಬಹಳ ಮುಖ್ಯ. ನಸ್ಸಾವಿನ ಮಾರಿಸ್ ಎಂಬ ಡಚ್ ದಂಡನಾಯಕ ಯುದ್ಧದ ರೀತಿಯನ್ನೇ ಬದಲಿಸಿದ್ದ. ಅವನ ಸೈನ್ಯದಲ್ಲಿ ದಿನವೂ ಕವಾಯತು, ಹೊತ್ತಿಗೆ ಸರಿಯಾಗಿ ಸಂಬಳ, ಸಣ್ಣ ತಪ್ಪಿಗೂ ಕಠಿಣ ಶಿಕ್ಷೆ. ಸೈನಿಕರು ತಾವೇ ಗುದ್ದಲಿ ಹಿಡಿದು ಕಂದಕ ತೋಡಬೇಕಿತ್ತು, ಅದಕ್ಕೆ ಪ್ರತ್ಯೇಕ ಕೂಲಿ ಸಿಗುತ್ತಿತ್ತು. ಕತ್ತಿಯಷ್ಟೇ ಗುದ್ದಲಿಯೂ ಆಯುಧ ಎಂಬುದು ಆ ಶಾಲೆಯ ಪಾಠ. ಔಡೆವಾಟರ್ ಎಂಬ ಊರಿನ ಕಾವಲಿನಲ್ಲಿ ಡೇಲ್ ಜೊತೆಗಿದ್ದ ಇನ್ನೊಬ್ಬ ಇಂಗ್ಲಿಷ್ ಕ್ಯಾಪ್ಟನ್ ಸರ್ ಥಾಮಸ್ ಗೇಟ್ಸ್. ವರ್ಜೀನಿಯಾ ಕಂಪನಿ ಮೊದಲು ಗೇಟ್ಸ್‌ನನ್ನು ಕರೆದೊಯ್ದಿತು. 1611ರ ಆರಂಭದಲ್ಲಿ ಡೇಲ್‌ಗೂ ಡಚ್ ಸರ್ಕಾರ ಮೂರು ವರ್ಷದ ರಜೆ ಕೊಟ್ಟಿತು. ಹೊರಡುವ ಮುನ್ನ ಆತ ಎಲಿಜಬೆತ್ ಥ್ರೋಕ್‌ಮಾರ್ಟನ್ ಎಂಬವಳನ್ನು ಮದುವೆಯಾದ. ಮಾರ್ಚ್‌ನಲ್ಲಿ ಮೂರು ಹಡಗು, ಸುಮಾರು 300 ಜನರೊಂದಿಗೆ ಹೊರಟೇಬಿಟ್ಟ. ಹೆಂಡತಿ ಇಂಗ್ಲೆಂಡಿನಲ್ಲೇ ಉಳಿದಳು.

ಸಾಯುತ್ತಿದ್ದ ಊರು

1607ರ ಮೇ ತಿಂಗಳಲ್ಲಿ ನೂರಾನಾಲ್ಕು ಜನ ಸೇರಿ ಜೇಮ್ಸ್‌ಟೌನ್ ಕಟ್ಟಿದ್ದರು. ಆರಿಸಿಕೊಂಡ ಜಾಗ ಜೌಗು, ಕುಡಿಯುವ ನೀರು ಉಪ್ಪು. ಬಂದವರಲ್ಲಿ ಹೆಚ್ಚಿನವರಿಗೆ ಬೇಸಾಯ ಗೊತ್ತಿರಲಿಲ್ಲ. ಚಿನ್ನ ಸಿಗುತ್ತದೆಂದು ಬಂದವರಿಗೆ ಚಿನ್ನ ಸಿಗಲಿಲ್ಲ. ಸುತ್ತಲಿನ ನೆಲ ಪೊಹಾಟನ್ ಒಕ್ಕೂಟದ ಸುಮಾರು ಮೂವತ್ತು ಬುಡಕಟ್ಟುಗಳದ್ದು. ಅವರ ಅರಸ ವಾಹುನ್ಸೆನಕಾ. ಇಂಗ್ಲಿಷರು ಅವನನ್ನೂ ಪೊಹಾಟನ್ ಎಂದೇ ಕರೆದರು. ಅವರು ಬೆಳೆದ ಮೆಕ್ಕೆಜೋಳವನ್ನು ಇಂಗ್ಲಿಷರು ಮೊದಲು ತಾಮ್ರ ಕೊಟ್ಟು ಪಡೆದರು. ಕೊಡಲು ಒಪ್ಪದಿದ್ದಾಗ ಕಸಿದುಕೊಂಡರು. 1609ರಲ್ಲಿ ಯುದ್ಧ ಶುರುವಾಯಿತು.

ಆ ಚಳಿಗಾಲವನ್ನು ಚರಿತ್ರೆಕಾರರು ‘ಹಸಿವಿನ ಕಾಲ’ ಎಂದೇ ಗುರುತಿಸುತ್ತಾರೆ. ಕೋಟೆಯ ಹೊರಗೆ ಕಾಲಿಟ್ಟರೆ ಬಾಣ, ಒಳಗಿದ್ದರೆ ಹಸಿವು. ಕುದುರೆ, ನಾಯಿ, ಇಲಿ, ಬೂಟಿನ ಚರ್ಮ ತಿಂದರು. ಸತ್ತವರ ಮಾಂಸ ತಿಂದದ್ದನ್ನು ಆ ಕಾಲದ ಬರಹಗಳು ಹೇಳಿದ್ದವು. ಇತ್ತೀಚಿನ ಉತ್ಖನನದಲ್ಲಿ ಸಿಕ್ಕ ಹದಿಹರೆಯದ ಹುಡುಗಿಯೊಬ್ಬಳ ತಲೆಬುರುಡೆಯ ಮೇಲಿನ ಕತ್ತಿಯ ಗುರುತುಗಳು ಅದನ್ನು ಖಚಿತಪಡಿಸಿವೆ. 1610ರ ಮೇ ತಿಂಗಳಲ್ಲಿ ಗೇಟ್ಸ್ ಬಂದಾಗ ಜೇಮ್ಸ್‌ಟೌನಿನಲ್ಲಿ ಜೀವ ಹಿಡಿದುಕೊಂಡಿದ್ದವರು ಅರುವತ್ತರಷ್ಟು ಜನ. ಆತ ಎಲ್ಲರನ್ನೂ ಹಡಗು ಹತ್ತಿಸಿ ಊರನ್ನೇ ಬಿಟ್ಟು ಹೊರಟ. ನದಿಯ ದಾರಿಯಲ್ಲಿ ಹೊಸ ಗವರ್ನರ್ ಲಾರ್ಡ್ ಡೆ ಲಾ ವಾರ್ ದವಸ ಧಾನ್ಯದೊಂದಿಗೆ ಎದುರಾದದ್ದರಿಂದ ಹಿಂತಿರುಗಿದರು. ಆ ಗವರ್ನರ್ ಕೂಡ ಕಾಯಿಲೆ ಬಿದ್ದು 1611ರ ವಸಂತದಲ್ಲಿ ಊರು ಬಿಟ್ಟ. ಡೇಲ್ ಬಂದಿಳಿದದ್ದು ಈ ಹೊತ್ತಿಗೆ.

ಮೇ 19ರಂದು ಆತ ಜೇಮ್ಸ್‌ಟೌನ್ ತಲುಪಿದಾಗ ಕಂಡ ದೃಶ್ಯವನ್ನು ವಸಾಹತಿನ ಕಾರ್ಯದರ್ಶಿಯಾಗಿದ್ದ ರಾಲ್ಫ್ ಹೇಮರ್ ಬರೆದಿದ್ದಾನೆ: ಮನೆಗಳು ಕುಸಿದು ಬೀಳುತ್ತಿವೆ, ಹೊಲ ಬಿತ್ತಿಲ್ಲ, ಜನ ಬೀದಿಯಲ್ಲಿ ಚೆಂಡು ಉರುಳಿಸಿ ಆಡುತ್ತಿದ್ದಾರೆ. ಸೋಮಾರಿ ವಸಾಹತುಗಾರರು ಎಂಬ ಮಾತು ಇಲ್ಲಿಂದಲೇ ಹುಟ್ಟಿ ಬೆಳೆದಿದೆ. ನನಗೆ ಆ ತೀರ್ಪು ಒಪ್ಪಿಗೆಯಾಗುವುದಿಲ್ಲ. ಬೆಳೆದದ್ದೆಲ್ಲ ಕಂಪನಿಯ ಉಗ್ರಾಣಕ್ಕೆ ಹೋಗುತ್ತಿತ್ತು. ದುಡಿದವನಿಗೂ ದುಡಿಯದವನಿಗೂ ಅದೇ ಪಡಿ. ಅರೆಹೊಟ್ಟೆಯಲ್ಲಿ, ಜ್ವರ ಮತ್ತು ಆಮಶಂಕೆಯಲ್ಲಿ ನರಳುತ್ತಿದ್ದ ಮನುಷ್ಯ ಯಾರದೋ ಲಾಭಕ್ಕಾಗಿ ಏಕೆ ನೆಲ ಅಗೆಯಬೇಕು? ಈ ಪ್ರಶ್ನೆಗೆ ಡೇಲ್ ಎರಡು ಉತ್ತರ ಕೊಟ್ಟ. ಮೊದಲನೆಯದು ಭಯ. ಎರಡನೆಯದು ಹೊಳೆಯಲು ಮೂರು ವರ್ಷ ಹಿಡಿಯಿತು.

ಕೋಟೆಯ ಕಾನೂನು ಊರಿಗೆ

ಗೇಟ್ಸ್ 1610ರಲ್ಲೇ ಜಾರಿಗೆ ತಂದಿದ್ದ ಕಟ್ಟಳೆಗಳನ್ನು ಡೇಲ್ 1611ರ ಜೂನ್‌ನಲ್ಲಿ ವಿಸ್ತರಿಸಿದ. ಧಾರ್ಮಿಕ, ನೈತಿಕ ಮತ್ತು ಸೈನಿಕ ಕಾನೂನುಗಳು ಎಂಬ ಹೆಸರಿನಲ್ಲಿ ಅವು 1612ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು. ಜನ ಇವನ್ನು ಇಂದಿಗೂ ‘ಡೇಲ್‌ನ ಕಾನೂನು’ ಎನ್ನುತ್ತಾರೆ. ಅದರಲ್ಲಿರುವುದು ಯುದ್ಧಭೂಮಿಯ ಶಿಸ್ತು. ಅದು ಹೆಂಗಸರಿಗೆ, ಬಡಗಿಗಳಿಗೆ, ಅಗಸಗಿತ್ತಿಯರಿಗೆ, ರೊಟ್ಟಿ ಸುಡುವವರಿಗೆ ಎಲ್ಲರಿಗೂ ಅನ್ವಯಿಸಿತು. ದಿನಕ್ಕೆ ಎರಡು ಹೊತ್ತು ಡೋಲು ಬಡಿದರೆ ಕೆಲಸಕ್ಕೆ ಹೊರಡಬೇಕು, ಇನ್ನೊಮ್ಮೆ ಬಡಿಯುವವರೆಗೆ ಹಿಂತಿರುಗಬಾರದು, ಗಂಟೆ ಬಾರಿಸಿದರೆ ಪ್ರಾರ್ಥನೆಗೆ ನಡೆಯಬೇಕು.

ಕೆಲವು ಕಟ್ಟಳೆಗಳನ್ನು ಬಿಡಿಸಿ ನೋಡಿದರೆ ಅವುಗಳ ಸ್ವಭಾವ ತಿಳಿಯುತ್ತದೆ. ತೋಟದ ಕಳೆ ಕೀಳಲು ನೇಮಿಸಿದವನು ಬೇಕೆಂದೇ ಗೆಡ್ಡೆ, ಸೊಪ್ಪು, ಹೂವು ಕಿತ್ತರೆ, ದ್ರಾಕ್ಷಿ ಕೊಯ್ದರೆ, ಜೋಳದ ತೆನೆ ಕದ್ದರೆ ಮರಣದಂಡನೆ. ಅಪ್ಪಣೆಯಿಲ್ಲದೆ ದನ, ಹಂದಿ, ಆಡು, ಕೋಳಿ ಕೊಂದರೆ, ಅದು ತನ್ನದೇ ಆದರೂ, ಮರಣದಂಡನೆ. ಸ್ಥಳೀಯರೊಂದಿಗೆ ಅಪ್ಪಣೆಯಿಲ್ಲದೆ ವ್ಯಾಪಾರ ಮಾಡಿದರೂ ಅದೇ. ಭಾನುವಾರದ ಪೂಜೆಗೆ ಮೂರನೆಯ ಬಾರಿ ತಪ್ಪಿಸಿಕೊಂಡರೂ ಅದೇ. ಇವುಗಳ ನಡುವೆಯೇ ಬೇರೆ ಬಗೆಯ ಕಟ್ಟಳೆಗಳೂ ಇವೆ. ಕೊಳೆ ಬಟ್ಟೆ ಒಗೆದ ನೀರನ್ನು ಬೀದಿಗೆ ಚೆಲ್ಲಬಾರದು. ಹಳೆಯ ಬಾವಿಯಿಂದ ಇಪ್ಪತ್ತು ಅಡಿಯೊಳಗೆ ಪಾತ್ರೆ ತೊಳೆಯಬಾರದು. ಕೋಟೆಯ ಬೇಲಿಯಿಂದ ಕಾಲು ಮೈಲಿಯೊಳಗೆ ಮಲವಿಸರ್ಜನೆ ಮಾಡಬಾರದು. ತಪ್ಪಿದರೆ ಚಾಟಿ ಏಟು. ಪಾಳೆಯದಲ್ಲಿ ಶತ್ರುವಿನ ಗುಂಡಿಗಿಂತ ಹೆಚ್ಚು ಜನರನ್ನು ಕೊಲ್ಲುವುದು ಆಮಶಂಕೆ ಎಂಬುದನ್ನು ಕಣ್ಣಾರೆ ಕಂಡ ಸೈನಿಕರು ಬರೆದ ಮಾತು ಇದು. ನೂರಾರು ಜನ ಹೊಲಸು ನೀರು ಕುಡಿದು ಸತ್ತ ಊರಿನಲ್ಲಿ ಇದಕ್ಕಿಂತ ವಿವೇಕದ ಕಾನೂನು ಇರಲಾರದು. ಬಾವಿಯ ಕಾಳಜಿ ಮತ್ತು ತೆನೆ ಕದ್ದವನ ಸಾವು ಒಂದೇ ಪಟ್ಟಿಯಲ್ಲಿ ನಿಂತಿವೆ ಎಂಬುದೇ ಈ ದಾಖಲೆಯನ್ನು ಅರ್ಥಮಾಡಿಕೊಳ್ಳುವ ಕೀಲಿ ಎಂದು ನಾನು ಭಾವಿಸುತ್ತೇನೆ.

ಇವು ಬರೀ ಕಾಗದದ ಬೆದರಿಕೆಗಳಾಗಿರಲಿಲ್ಲ. ಡೇಲ್ ಬರುವವರೆಗೆ ಊರಿನ ಹೊಣೆ ಹೊತ್ತಿದ್ದ ಜಾರ್ಜ್ ಪರ್ಸಿ ಬರೆದಿಟ್ಟಿದ್ದಾನೆ: ಹೊಸ ಕೋಟೆ ಕಟ್ಟುವ ದುಡಿಮೆ ತಾಳಲಾರದೆ ಪೊಹಾಟನ್ನರ ಕಡೆಗೆ ಓಡಿಹೋಗಿ ಸಿಕ್ಕಿಬಿದ್ದವರಲ್ಲಿ ಕೆಲವರನ್ನು ಡೇಲ್ ನೇಣಿಗೆ ಹಾಕಿಸಿದ, ಕೆಲವರನ್ನು ಸುಡಿಸಿದ, ಕೆಲವರ ಮೂಳೆಗಳನ್ನು ಚಕ್ರಕ್ಕೆ ಕಟ್ಟಿ ಮುರಿಸಿದ, ಕೆಲವರನ್ನು ಗುಂಡಿಟ್ಟು ಕೊಲ್ಲಿಸಿದ. ಉಗ್ರಾಣಕ್ಕೆ ಕನ್ನ ಹಾಕಿದವರನ್ನು ಮರಕ್ಕೆ ಕಟ್ಟಿಸಿ ಹಸಿವಿನಿಂದ ಸಾಯಲು ಬಿಟ್ಟ. ಎರಡು ಮೂರು ಪಿಂಟ್ ಓಟ್ಸ್ ಹಿಟ್ಟು ಕದ್ದ ಒಬ್ಬನ ನಾಲಿಗೆಗೆ ದಬ್ಬಳ ಚುಚ್ಚಿ, ಮರಕ್ಕೆ ಸರಪಳಿಯಿಂದ ಬಿಗಿದು ಸಾಯಲು ಬಿಟ್ಟರೆಂದು ಹಳೆಯ ವಸಾಹತುಗಾರರು 1624ರಲ್ಲಿ ನೆನೆದಿದ್ದಾರೆ. ಹಸಿದವನಿಗೆ ಹಸಿವನ್ನೇ ಶಿಕ್ಷೆಯಾಗಿ ಕೊಟ್ಟ ಮನುಷ್ಯನನ್ನು ‘ಆ ಕಾಲ ಹಾಗಿತ್ತು’ ಎಂದು ಬಿಟ್ಟುಬಿಡುವುದು ಸುಲಭ. ಆದರೆ ಆ ಕಾಲದ ಜನರೇ ಅದನ್ನು ಕ್ರೌರ್ಯ ಎಂದು ದೂರಿದ್ದರು. ಕ್ರೂರ ಸಾವಿನ ಭಯವೇ ಇಂಥವರನ್ನು ತಡೆಯಬಲ್ಲದು ಎಂದು ಹೇಮರ್ ಸಮರ್ಥನೆ ಬರೆಯಬೇಕಾಗಿ ಬಂದದ್ದು ಅದಕ್ಕಾಗಿಯೇ.

ತನ್ನ ಜನರ ಬಗ್ಗೆ ಡೇಲ್‌ಗೆ ಒಳ್ಳೆಯ ಅಭಿಪ್ರಾಯ ಇರಲಿಲ್ಲ. ತನ್ನೊಂದಿಗೆ ಬಂದ ಮುನ್ನೂರು ಮಂದಿ ಹೆಸರಿಗಷ್ಟೇ ಕ್ರೈಸ್ತರು, ರೋಗಿಷ್ಠರು, ದಂಗೆಕೋರರು, ಅವರಲ್ಲಿ ಅರುವತ್ತು ಜನರೂ ಕೆಲಸಕ್ಕೆ ಬಾರರು ಎಂದು 1611ರ ಆಗಸ್ಟ್‌ನಲ್ಲಿ ಲಂಡನ್ನಿಗೆ ಬರೆದ. ಎರಡು ಸಾವಿರ ಜನ ಬೇಕು, ಸಿಗದಿದ್ದರೆ ಜೈಲುಗಳಲ್ಲಿ ಮರಣದಂಡನೆಗೆ ಕಾದಿರುವವರನ್ನಾದರೂ ಕಳಿಸಿ ಎಂದೂ ಕೇಳಿದ.

ಕಬ್ಬಿಣದ ಅಂಗಿ, ಮರದ ಗೋಡೆ

1611ರ ಬೇಸಿಗೆಯಲ್ಲಿ ಡೇಲ್ ನೂರು ಜನರಿಗೆ ಲೋಹದ ಕವಚ ತೊಡಿಸಿ ನದಿಯ ಕೆಳಭಾಗದ ನ್ಯಾನ್ಸಮಂಡ್ ಬುಡಕಟ್ಟಿನ ಮೇಲೆ ಹೋದ. ಬಾಣ ತಗುಲಿದರೂ ಬೀಳದ ಮನುಷ್ಯರನ್ನು ಕಂಡು ಅವರು ದಿಗಿಲುಗೊಂಡರು, ಮಂತ್ರ ಹಾಕಿದರು, ಮಳೆ ತರಿಸಿ ಬಂದೂಕಿನ ಬತ್ತಿ ನಂದಿಸಲು ಯತ್ನಿಸಿದರು ಎಂದು ಪರ್ಸಿ ಬರೆಯುತ್ತಾನೆ. ಒಂದು ಬಾಣ ಡೇಲ್‌ನ ಶಿರಸ್ತ್ರಾಣದ ಅಂಚಿಗೆ ಬಡಿಯಿತು. ಕೂದಲೆಳೆಯಷ್ಟು ಕೆಳಗೆ ಬಿದ್ದಿದ್ದರೆ ಮಿದುಳಿಗೇ ಇಳಿಯುತ್ತಿತ್ತು. ಇಂಗ್ಲಿಷರು ಮನೆಗಳನ್ನು ಸುಟ್ಟರು, ಜೋಳದ ಹೊಲ ಕಡಿದರು. ಐರ್ಲೆಂಡಿನಲ್ಲಿ ಕಲಿತ ಯುದ್ಧದ ರೀತಿ ಅದು: ಶತ್ರುವಿನ ಸೈನ್ಯಕ್ಕಿಂತ ಮೊದಲು ಶತ್ರುವಿನ ಊಟವನ್ನು ನಾಶ ಮಾಡುವುದು.

ಸೆಪ್ಟೆಂಬರ್‌ನಲ್ಲಿ ಸುಮಾರು 350 ಜನರೊಂದಿಗೆ ಜೇಮ್ಸ್ ನದಿಯ ಮೇಲ್ಭಾಗಕ್ಕೆ ಹೋಗಿ, ನದಿ ಸುತ್ತುಬಳಸಿ ಹರಿಯುವ ಎತ್ತರದ ನೆಲದಲ್ಲಿ ಹೊಸ ಊರು ಕಟ್ಟಿದ. ರಾಜಕುಮಾರ ಹೆನ್ರಿಯ ಗೌರವಕ್ಕೆ ಹೆನ್ರಿಕಸ್ ಎಂದು ಹೆಸರಿಟ್ಟ. ಹತ್ತು ಹನ್ನೆರಡು ದಿನಗಳಲ್ಲಿ ಏಳು ಎಕರೆ ಜಾಗಕ್ಕೆ ಮರದ ದಿಮ್ಮಿಗಳ ಗೋಡೆ ಎದ್ದಿತು. ಮೂರು ಕಡೆ ನದಿ, ನಾಲ್ಕನೆಯ ಕಡೆ ಕಂದಕ ಮತ್ತು ಬೇಲಿ. ನೆದರ್ಲೆಂಡ್ಸ್‌ನಲ್ಲಿ ಇಪ್ಪತ್ತು ವರ್ಷ ಮಾಡಿದ ಕೆಲಸವನ್ನೇ ಡೇಲ್ ಇಲ್ಲಿಯೂ ಮಾಡಿದ್ದು. ವರ್ಷದ ಕೊನೆಗೆ ಅಪ್ಪೊಮಾಟಕ್ ಬುಡಕಟ್ಟನ್ನು ಅವರ ಊರಿನಿಂದ ಹೊರಗಟ್ಟಿ ಆ ನೆಲದಲ್ಲಿ ಬರ್ಮುಡಾ ಹಂಡ್ರೆಡ್ ಎಂಬ ವಸಾಹತಿಗೆ ದಾರಿ ಮಾಡಿದ. ಜೌಗಿನ ಜೇಮ್ಸ್‌ಟೌನನ್ನು ಬಿಟ್ಟು ಒಳನಾಡಿನ ಒಳ್ಳೆಯ ನೆಲಕ್ಕೆ ಜನರನ್ನು ಒಯ್ದದ್ದರಿಂದ ಸಾವು ಕಡಿಮೆಯಾಯಿತು ಎಂಬುದು ನಿಜ. ಆ ನೆಲ ಇನ್ನೊಬ್ಬರ ಹೊಲವಾಗಿತ್ತು ಎಂಬುದೂ ಅಷ್ಟೇ ನಿಜ.

ಒತ್ತೆಯಾಳಾದ ಮಗಳು

1613ರ ಏಪ್ರಿಲ್‌ನಲ್ಲಿ ಕ್ಯಾಪ್ಟನ್ ಸ್ಯಾಮ್ಯುಯೆಲ್ ಆರ್ಗಲ್ ಪೊಟೋಮ್ಯಾಕ್ ನದಿಯ ಹತ್ತಿರ ಅರಸನ ಮಗಳು ಪೊಕಹಾಂಟಸ್‌ಳನ್ನು ಹಿಡಿದ. ಆಕೆಯನ್ನು ಹಡಗಿಗೆ ಪುಸಲಾಯಿಸಿ ಹತ್ತಿಸಿದ ಸ್ಥಳೀಯ ದಂಪತಿಗೆ ಸಿಕ್ಕ ಪ್ರತಿಫಲಗಳಲ್ಲಿ ಒಂದು ತಾಮ್ರದ ಪಾತ್ರೆ. ಸೆರೆಸಿಕ್ಕ ಇಂಗ್ಲಿಷರನ್ನೂ ಆಯುಧಗಳನ್ನೂ ಜೋಳವನ್ನೂ ಕೊಟ್ಟರೆ ಮಗಳನ್ನು ಬಿಡುತ್ತೇವೆ ಎಂದರು. ತಂದೆ ಏಳು ಜನ ಸೆರೆಯಾಳುಗಳನ್ನೂ ಕೆಲವು ಕೆಟ್ಟ ಬಂದೂಕುಗಳನ್ನೂ ಕಳಿಸಿ ಸುಮ್ಮನಾದ. ಆಕೆಯನ್ನು ಹೆನ್ರಿಕಸ್ ಬಳಿ ಪಾದ್ರಿ ಅಲೆಕ್ಸಾಂಡರ್ ವಿಟೇಕರ್ ವಶದಲ್ಲಿ ಇಟ್ಟು ಇಂಗ್ಲಿಷ್ ಭಾಷೆ, ಕ್ರೈಸ್ತ ಧರ್ಮ ಕಲಿಸಿದರು. ಡೇಲ್ ಸ್ವತಃ ಇದರಲ್ಲಿ ಆಸಕ್ತಿ ವಹಿಸಿದ.

1614ರ ಮಾರ್ಚ್‌ನಲ್ಲಿ ಆತ 150 ಜನರೊಂದಿಗೆ, ಪೊಕಹಾಂಟಸ್‌ಳನ್ನೂ ಜೊತೆಗಿಟ್ಟುಕೊಂಡು, ಪೊಹಾಟನ್ನರ ಹೃದಯಭಾಗಕ್ಕೆ ನದಿಯಲ್ಲಿ ನುಗ್ಗಿದ. ಮನೆಗಳು ಸುಟ್ಟುಹೋದವು. ದಡದಲ್ಲಿ ಬಂದು ನಿಂತ ತನ್ನವರೊಂದಿಗೆ ಆಕೆ ಹೇಳಿದಳೆನ್ನಲಾದ ಮಾತನ್ನು ಡೇಲ್ ತನ್ನ ಪತ್ರದಲ್ಲಿ ದಾಖಲಿಸಿದ್ದಾನೆ: ತಂದೆಗೆ ತನ್ನ ಮೇಲೆ ಪ್ರೀತಿ ಇದ್ದಿದ್ದರೆ ಹಳೆಯ ಕತ್ತಿ, ಬಂದೂಕು, ಕೊಡಲಿಗಳಿಗಿಂತ ತನ್ನನ್ನು ಕಡಿಮೆ ಎಣಿಸುತ್ತಿರಲಿಲ್ಲ. ಆಕೆಯನ್ನು ಸೆರೆಯಲ್ಲಿಟ್ಟವನ ಲೇಖನಿಯಿಂದ ಬಂದ ಮಾತು ಇದು ಎಂಬುದನ್ನು ಓದುವವರು ನೆನಪಿಡಬೇಕು. ಆ ದಂಡಯಾತ್ರೆಯ ನಡುವೆಯೇ ಜಾನ್ ರಾಲ್ಫ್ ಎಂಬ ವಿಧುರ ಆಕೆಯನ್ನು ಮದುವೆಯಾಗಲು ಅಪ್ಪಣೆ ಬೇಡುವ ಉದ್ದದ ಪತ್ರ ಡೇಲ್‌ನ ಕೈಸೇರಿತು. ಡೇಲ್ ಒಪ್ಪಿದ, ಅರಸನೂ ಒಪ್ಪಿದ. ಏಪ್ರಿಲ್ ಮೊದಲ ವಾರದಲ್ಲಿ ಮದುವೆ ಆಯಿತು, ಐದು ವರ್ಷದ ಯುದ್ಧ ನಿಂತಿತು.

ಇದರ ನಂತರ ನಡೆದದ್ದು ಡೇಲ್‌ನ ಮನಸ್ಸನ್ನು ಇನ್ನೂ ಚೆನ್ನಾಗಿ ತೋರಿಸುತ್ತದೆ. ಮೇ ತಿಂಗಳಲ್ಲಿ ಆತ ಹೇಮರ್‌ನನ್ನು ಅರಸನ ಬಳಿಗೆ ಕಳಿಸಿ, ಆತನ ಕಿರಿಯ ಮಗಳನ್ನು ತನಗೆ ಹೆಂಡತಿಯಾಗಿ ಕೊಡಬೇಕೆಂದು ಕೇಳಿಸಿದ. ಹುಡುಗಿಗೆ ಹನ್ನೆರಡು ತುಂಬಿರಲಿಲ್ಲ. ಡೇಲ್‌ನ ಹೆಂಡತಿ ಇಂಗ್ಲೆಂಡಿನಲ್ಲಿ ಬದುಕಿದ್ದಳು. ಶಾಂತಿಯ ಜಾಮೀನಿಗೆ ಇನ್ನೊಂದು ಒತ್ತೆ ಇರಲಿ ಎಂಬುದು ಇದರ ಒಳಗಿನ ಲೆಕ್ಕ. ಅರಸ ಅದನ್ನು ತಕ್ಷಣ ಗ್ರಹಿಸಿದ. ಮಗಳನ್ನು ಎರಡು ಬುಷೆಲ್ ಚಿಪ್ಪಿನ ಮಣಿಗಳಿಗೆ ಬೇರೊಬ್ಬ ದೊರೆಗೆ ಕೊಟ್ಟಾಗಿದೆ ಎಂದ. ಹೇಮರ್ ಬಿಡದೆ ಒತ್ತಾಯಿಸಿದಾಗ, ಒಬ್ಬಳು ಮಗಳು ನಿಮ್ಮಲ್ಲಿರುವಾಗ ಇನ್ನೊಬ್ಬಳನ್ನು ಕೇಳುವುದು ಸರಿಯಲ್ಲ, ಎರಡೂ ಕಡೆ ಸಾಕಷ್ಟು ಜನ ಸತ್ತಿದ್ದಾರೆ, ನಾನು ಮುದುಕ, ನೀವು ಒತ್ತಿಕೊಂಡು ಬಂದರೆ ನಾನು ಇನ್ನೂ ದೂರ ಹೋಗುತ್ತೇನೆ ಎಂದು ಉತ್ತರಿಸಿದ. ಆಮೇಲೆ ತನಗೆ ಬೇಕಾದ ವಸ್ತುಗಳ ಪಟ್ಟಿಯನ್ನು ಹೇಮರ್‌ನ ಕೈಯಲ್ಲೇ ಬರೆಸಿದ: ಹತ್ತು ತಾಮ್ರದ ತುಂಡು, ಕ್ಷೌರದ ಕತ್ತಿ, ಹಲಗೆ ಸೀಳುವ ಕಬ್ಬಿಣ, ಸಾಣೆಕಲ್ಲು, ಎರಡು ಮೂಳೆಯ ಬಾಚಣಿಗೆ, ನೂರು ಮೀನಿನ ಗಾಳ, ಒಂದು ಬೆಕ್ಕು, ಒಂದು ನಾಯಿ. ಆ ಕಾಲದ ಇಂಗ್ಲಿಷ್ ಬರಹಗಳಲ್ಲಿ ವಾಹುನ್ಸೆನಕಾ ಇಷ್ಟು ಸ್ಪಷ್ಟವಾಗಿ, ಒಬ್ಬ ಹಿರಿಯನ ಘನತೆಯೊಂದಿಗೆ ಮಾತನಾಡುವುದು ಅಪರೂಪ. ನನಗಂತೂ ಡೇಲ್‌ನ ಇಡೀ ಆಡಳಿತದಲ್ಲಿ ಆತನಿಗೆ ಸಿಕ್ಕ ಅತ್ಯಂತ ಗಟ್ಟಿಯಾದ ‘ಇಲ್ಲ’ ಇದೇ ಎನಿಸುತ್ತದೆ.

ಮೂರು ಎಕರೆ

ಅದೇ 1614ರ ಸುಮಾರಿಗೆ ಡೇಲ್ ಎರಡನೆಯ ಉತ್ತರ ಕಂಡುಕೊಂಡ. ಹಳೆಯ ವಸಾಹತುಗಾರರಿಗೆ ತಲಾ ಮೂರು ಎಕರೆ ಹಸನು ಮಾಡಿದ ನೆಲವನ್ನು ಗೇಣಿಗೆ ಕೊಟ್ಟ. ವರ್ಷಕ್ಕೆ ಎರಡೂವರೆ ಪೀಪಾಯಿ ಜೋಳವನ್ನು ಉಗ್ರಾಣಕ್ಕೆ ಅಳೆಯಬೇಕು, ಒಂದು ತಿಂಗಳು ವಸಾಹತಿನ ಬಿಟ್ಟಿ ಕೆಲಸ ಮಾಡಬೇಕು, ಅದೂ ಬಿತ್ತನೆ ಮತ್ತು ಕೊಯ್ಲಿನ ಕಾಲ ಬಿಟ್ಟು. ಉಳಿದ ಬೆಳೆ ರೈತನದ್ದು. ಹಿಂದೆ ಮೂವತ್ತು ಜನ ಸೇರಿ ಬೆಳೆಯದಷ್ಟನ್ನು ಈಗ ಮೂರು ಜನ ತಮಗಾಗಿ ಬೆಳೆಯುತ್ತಿದ್ದಾರೆ ಎಂದು ಹೇಮರ್ ಬರೆದ. ನೇಣು, ಚಕ್ರ, ದಬ್ಬಳಗಳಿಂದ ಆಗದ ಕೆಲಸ ಮೂರು ಎಕರೆಯಿಂದ ಆಯಿತು. ಈ ಸೌಲಭ್ಯ ಎಲ್ಲರಿಗೂ ಸಿಗಲಿಲ್ಲ. ಇನ್ನೂ ಬಹಳಷ್ಟು ಜನ ಕಂಪನಿಯ ಕೂಲಿಗಳಾಗಿಯೇ ಉಳಿದರು. ಆದರೂ ಖಾಸಗಿ ಹಿಡುವಳಿಯ ಮೇಲೆ ನಿಂತ ಅಮೆರಿಕದ ಬೇಸಾಯದ ಆರಂಭವನ್ನು ಇಲ್ಲಿ ಗುರುತಿಸಬಹುದು.

ರಾಲ್ಫ್ 1612ರಿಂದ ಬೆಳೆಸಿ ನೋಡುತ್ತಿದ್ದ ತಂಬಾಕಿಗೆ ಇದೇ ಹೊತ್ತಿಗೆ ಲಂಡನ್ನಿನಲ್ಲಿ ಬೆಲೆ ಬಂತು. ಎಲ್ಲರೂ ತಂಬಾಕಿಗೆ ಮುಗಿಬಿದ್ದರೆ ಮತ್ತೆ ಹಸಿವಿನ ಕಾಲ ಬರುತ್ತದೆಂದು ಡೇಲ್‌ಗೆ ಭಯವಿತ್ತು. ಎರಡು ಎಕರೆ ಜೋಳ ಹಾಕದವನು ತಂಬಾಕು ಬೆಳೆಯಕೂಡದು ಎಂದು ಕಟ್ಟಪ್ಪಣೆ ಮಾಡಿದ. ಆತ ಹೋದ ಮೇಲೆ ಆ ಕಟ್ಟು ಸಡಿಲವಾಯಿತು. 1617ರಲ್ಲಿ ಸುಮಾರು 20,000 ಪೌಂಡ್ ತಂಬಾಕು ಇಂಗ್ಲೆಂಡಿಗೆ ಹೋಯಿತು, ಜೇಮ್ಸ್‌ಟೌನಿನ ಬೀದಿಗಳಲ್ಲೂ ತಂಬಾಕು ಬೆಳೆದರು. ತಂಬಾಕಿಗೆ ನೆಲ ಬೇಕು, ಕೈಗಳು ಬೇಕು. ಮುಂದಿನ ಯುದ್ಧಗಳಿಗೂ ಗುಲಾಮಗಿರಿಗೂ ಬೇರು ಅಲ್ಲಿದೆ.

1616ರ ವಸಂತದಲ್ಲಿ ಜಾರ್ಜ್ ಯಾರ್ಡ್ಲಿಗೆ ಅಧಿಕಾರ ಒಪ್ಪಿಸಿ ಡೇಲ್ ಊರಿಗೆ ಹೊರಟಾಗ ವರ್ಜೀನಿಯಾದಲ್ಲಿದ್ದ ಇಂಗ್ಲಿಷರು 351 ಜನ. ಐದು ವರ್ಷಗಳ ರಕ್ತ ಮತ್ತು ಬೆವರಿಗೆ ಸಿಕ್ಕ ಫಲ ಇಷ್ಟೇ ಎನಿಸಬಹುದು. ಆದರೆ ಅವರೆಲ್ಲ ಹೊಟ್ಟೆ ತುಂಬ ಉಣ್ಣುತ್ತಿದ್ದರು, ಊರು ಬಿಟ್ಟು ಓಡುವ ಮಾತು ನಿಂತಿತ್ತು. ಹಡಗಿನಲ್ಲಿ ಪೊಕಹಾಂಟಸ್, ರಾಲ್ಫ್, ಅವರ ಪುಟ್ಟ ಮಗ, ಹತ್ತು ಹನ್ನೆರಡು ಪೊಹಾಟನ್ನರು ಇದ್ದರು. ಸ್ಪೇನಿಗೆ ಬೇಹುಗಾರಿಕೆ ಮಾಡಿದನೆಂದು 1611ರಿಂದ ಸೆರೆಯಲ್ಲಿದ್ದ ಫ್ರಾನ್ಸಿಸ್ ಲಿಂಬ್ರಿ ಎಂಬ ಇಂಗ್ಲಿಷ್ ಚುಕ್ಕಾಣಿಗನೂ ಇದ್ದ. ಐದು ವರ್ಷ ಸೆರೆಯಲ್ಲಿಟ್ಟವನನ್ನು ಇಂಗ್ಲೆಂಡಿನ ತೀರ ಕಾಣುವ ಹೊತ್ತಿಗೆ ಡೇಲ್ ಹಡಗಿನ ಅಡ್ಡಮರಕ್ಕೆ ನೇಣು ಹಾಕಿಸಿದ. ಪೊಕಹಾಂಟಸ್ ಮರುವರ್ಷ ಮಾರ್ಚ್‌ನಲ್ಲಿ ಗ್ರೇವ್ಸೆಂಡ್‌ನಲ್ಲಿ ಸತ್ತಳು, ತನ್ನ ನೆಲವನ್ನು ಮತ್ತೆ ನೋಡಲಿಲ್ಲ.

ಅನ್ನ ಕೊಟ್ಟವರ ಮೇಲೆ ಯುದ್ಧ

ಇಲ್ಲಿಂದ ಮುಂದಿನದು ಮೂರು ವರ್ಷದ ಕಥೆ. ಮೂರು ವರ್ಷದ ರಜೆ ಕೇಳಿ ಹೋಗಿದ್ದ ಡೇಲ್ ಡಚ್ ಸರ್ಕಾರದ ಮುಂದೆ ನಿಂತು, ವರ್ಜೀನಿಯಾದಲ್ಲಿ ಕಳೆದ ವರ್ಷಗಳಿಗೂ ಸಂಬಳ ಕೇಳಿ ಪಡೆದ. ಆ ಹಣ ಕೈಸೇರಿದ ಆಸುಪಾಸಿನಲ್ಲೇ ಥಾಮಸ್ ಸ್ಮಿಥ್‌ನ ಇನ್ನೊಂದು ಕಂಪನಿ ಆತನನ್ನು ಪೂರ್ವಕ್ಕೆ ಹೋಗುವ ಹಡಗುಪಡೆಯ ಮುಖ್ಯಸ್ಥನನ್ನಾಗಿ ನೇಮಿಸಿತು. ಮೆಣಸು, ಜಾಯಿಕಾಯಿ, ಲವಂಗದ ದ್ವೀಪಗಳಲ್ಲಿ ಡಚ್ಚರು ಇಂಗ್ಲಿಷರನ್ನು ಬಲವಂತವಾಗಿ ಹೊರದೂಡುತ್ತಿದ್ದರು. ಅವರಿಗೆ ಎದುರು ನಿಲ್ಲಬಲ್ಲವನು ಬೇಕಿತ್ತು. ಡಚ್ಚರ ಯುದ್ಧವಿದ್ಯೆಯನ್ನು ಡಚ್ಚರಿಂದಲೇ ಕಲಿತವನಿಗಿಂತ ಬೇರೆ ಯಾರು?

1618ರ ಆರಂಭದಲ್ಲಿ ಹೊರಟ ಪಡೆ ವರ್ಷದ ಕೊನೆಗೆ ಜಾವಾ ಸೇರಿತು. ಸನ್ ಎಂಬ ಹಡಗು ದಾರಿಯಲ್ಲಿ ಎಂಗಾನೋ ದ್ವೀಪಕ್ಕೆ ಬಡಿದು ಒಡೆದುಹೋಯಿತು. ಜಕಾರ್ತದಲ್ಲಿ ಡಚ್ ಗವರ್ನರ್ ಜನರಲ್ ಯಾನ್ ಪೀಟರ್‌ಸೂನ್ ಕೂನ್ ಇಂಗ್ಲಿಷರ ಕೋಠಿಯನ್ನು ಸುಡಿಸಿದ್ದ. ಡೇಲ್‌ನ ಪಡೆ ಡಚ್ಚರ ‘ಕಪ್ಪು ಸಿಂಹ’ ಎಂಬ ಸರಕಿನ ಹಡಗನ್ನು ಹಿಡಿಯಿತು, ಸ್ವಲ್ಪ ದಿನದಲ್ಲೇ ಅದು ಬೆಂಕಿಗೆ ಆಹುತಿಯಾಯಿತು. ಬಳಿಕ ಜಕಾರ್ತದ ಎದುರಿನ ಸಮುದ್ರದಲ್ಲಿ ಹನ್ನೊಂದು ಇಂಗ್ಲಿಷ್ ಹಡಗುಗಳು ಏಳು ಡಚ್ ಹಡಗುಗಳೊಂದಿಗೆ ಕಾದವು. ಗೆಲುವು ಯಾರದ್ದೂ ಆಗಲಿಲ್ಲ. ಆದರೆ ಕೂನ್ ತನ್ನ ಕೋಟೆಯ ಜನರನ್ನು ಅಲ್ಲೇ ಬಿಟ್ಟು ಇನ್ನಷ್ಟು ಹಡಗು ಕೂಡಿಸಲು ಅಂಬೋನ್‌ಗೆ ಸರಿದ.

ಕೋಟೆ ಈಗ ಒಂಟಿ. ಜಕಾರ್ತದ ರಾಜಕುಮಾರ ನೆಲದ ಕಡೆಯಿಂದ, ಡೇಲ್ ಸಮುದ್ರದ ಕಡೆಯಿಂದ ಮುತ್ತಿಗೆ ಹಾಕಿದರು. 1619ರ ಫೆಬ್ರುವರಿ ಆರಂಭದಲ್ಲಿ ಒಳಗಿನವರು ಶರಣಾಗಲು ಕರಾರಿಗೆ ಒಪ್ಪಿದರು: ಜನ ಮತ್ತು ಮದ್ದುಗುಂಡು ಇಂಗ್ಲಿಷರಿಗೆ, ಹಣ ಮತ್ತು ಸರಕು ರಾಜಕುಮಾರನಿಗೆ. ಆಗ ಬಾಂಟೆನ್ ರಾಜ್ಯ ನಡುವೆ ಬಂತು. ಜಕಾರ್ತ ಅದರ ಅಧೀನ ಸಂಸ್ಥಾನವಾಗಿತ್ತು. ಡಚ್ಚರು ಹೋಗಿ ಇಂಗ್ಲಿಷರು ಕೂರುವುದು ಬಾಂಟೆನ್‌ಗೆ ಬೇಕಿರಲಿಲ್ಲ. ಅದರ ಸೈನ್ಯ ಬಂದು ರಾಜಕುಮಾರನನ್ನು ಬದಿಗೆ ಸರಿಸಿ, ಕೋಟೆ ತನಗೆ ಸೇರಬೇಕೆಂದಿತು. ವರ್ಜೀನಿಯಾದಲ್ಲಿ ಬೆದರಿಸಿ, ಒತ್ತೆಯಿಟ್ಟು ಕೆಲಸ ಸಾಧಿಸಿದ್ದ ಮನುಷ್ಯ ಈ ಮೂರು ಕಡೆಯ ರಾಜಕೀಯದಲ್ಲಿ ದಾರಿ ಕಾಣದೆ ಮುತ್ತಿಗೆ ಬಿಟ್ಟು ಹೊರಟ. ಮೇ ಕೊನೆಗೆ ಕೂನ್ ಹಿಂತಿರುಗಿ ಜಕಾರ್ತವನ್ನು ಸುಟ್ಟ. ಆ ಬೂದಿಯ ಮೇಲೆ ಬಟಾವಿಯಾ ಎದ್ದಿತು, ಮುಂದೆ ಮೂರು ಶತಮಾನ ಡಚ್ಚರ ಪೂರ್ವದ ರಾಜಧಾನಿಯಾಯಿತು.

ಡೇಲ್‌ನ ಹಡಗುಗಳು ಕೋರಮಂಡಲ ಕರಾವಳಿಯ ದಾರಿ ಹಿಡಿದವು. ಮಚಲೀಪಟ್ಟಣದಲ್ಲಿ ಇಂಗ್ಲಿಷರ ಕೋಠಿ 1611ರಿಂದಲೇ ಇತ್ತು. ಆ ಕೋಠಿ ತೆರೆದವರು ಇಂಗ್ಲಿಷ್ ಕಂಪನಿಯ ಕೆಲಸಕ್ಕೆ ಸೇರಿದ್ದ ಇಬ್ಬರು ಡಚ್ಚರೇ. ಇಲ್ಲಿನ ನೇಕಾರರ ಹತ್ತಿಬಟ್ಟೆ ಇಲ್ಲದೆ ಜಾವಾ, ಸುಮಾತ್ರಾಗಳಲ್ಲಿ ಮೆಣಸು ಸಿಗುತ್ತಿರಲಿಲ್ಲ. ಅಲ್ಲಿಯವರಿಗೆ ಬೇಕಾದದ್ದು ಇಂಗ್ಲೆಂಡಿನ ಉಣ್ಣೆಯಲ್ಲ, ಕೋರಮಂಡಲದ ಬಣ್ಣದ ಬಟ್ಟೆ. ಹಡಗು ರಿಪೇರಿ ಮಾಡಿ, ಜನರಿಗೆ ವಿಶ್ರಾಂತಿ ಕೊಟ್ಟು ಮತ್ತೆ ಹೊರಡುವ ಯೋಜನೆ ಇತ್ತು. ಜುಲೈನಲ್ಲಿ ಬಂದವನು ಆಗಸ್ಟ್‌ನಲ್ಲಿ ಸತ್ತ. ಹಡಗುಪಡೆಯ ಹೊಣೆ ಮಾರ್ಟಿನ್ ಪ್ರಿಂಗ್ ಹೊತ್ತ.

ಆ ಬೇಸಿಗೆಯ ದಿನಾಂಕಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಬೇಕು. ಜುಲೈನಲ್ಲಿ ಲಂಡನ್ನಿನಲ್ಲಿ ಇಂಗ್ಲಿಷ್ ಮತ್ತು ಡಚ್ ಕಂಪನಿಗಳು ಒಪ್ಪಂದ ಮಾಡಿಕೊಂಡು ಸಾಂಬಾರ ವ್ಯಾಪಾರವನ್ನು ಹಂಚಿಕೊಂಡಿದ್ದವು. ಆ ಸುದ್ದಿ ಪೂರ್ವಕ್ಕೆ ಮುಟ್ಟಿದ್ದು ಮುಂದಿನ ವರ್ಷ. ಜುಲೈ 30ರಂದು ಜೇಮ್ಸ್‌ಟೌನಿನ ಚರ್ಚಿನಲ್ಲಿ ವರ್ಜೀನಿಯಾದ ಮೊದಲ ಚುನಾಯಿತ ಸಭೆ ಸೇರಿತು. ಡೇಲ್‌ನ ಸೈನಿಕ ಕಾನೂನುಗಳ ಕಾಲ ಅಲ್ಲಿಗೆ ಮುಗಿಯಿತು. ಆತ ಸತ್ತ ತಿಂಗಳಲ್ಲೇ ಆಫ್ರಿಕಾದಿಂದ ಹಿಡಿದು ತಂದ ಇಪ್ಪತ್ತಕ್ಕೂ ಹೆಚ್ಚು ಜನರನ್ನು ಹೊತ್ತ ಹಡಗು ವರ್ಜೀನಿಯಾದ ಪಾಯಿಂಟ್ ಕಂಫರ್ಟ್‌ಗೆ ಬಂತು, ಅವರನ್ನು ಆಹಾರಕ್ಕೆ ಬದಲಾಗಿ ಮಾರಲಾಯಿತು. ಡೇಲ್ 1611ರಲ್ಲಿ ನೆಲಕ್ಕೆ ಇಳಿದದ್ದೂ ಅದೇ ಪಾಯಿಂಟ್ ಕಂಫರ್ಟ್‌ನಲ್ಲಿ. ಆತ ಕಟ್ಟಿದ ಹೆನ್ರಿಕಸ್ 1622ರ ಮಾರ್ಚ್‌ನಲ್ಲಿ ಪೊಹಾಟನ್ನರ ದೊಡ್ಡ ದಾಳಿಯಲ್ಲಿ ನಾಶವಾಯಿತು. ಅಂದು ಇಡೀ ವಸಾಹತಿನಲ್ಲಿ ಸತ್ತ ಇಂಗ್ಲಿಷರು 347. ಮದುವೆಯಿಂದ ಬಂದ ಶಾಂತಿ ಎಂಟು ವರ್ಷ ಬಾಳಿತ್ತು. ವರ್ಜೀನಿಯಾ ಕಂಪನಿಯನ್ನು 1624ರಲ್ಲಿ ರಾಜ ವಿಸರ್ಜಿಸಿದ.

ಎಂಟು ವರ್ಷದ ದಾಂಪತ್ಯದಲ್ಲಿ ಗಂಡನೊಂದಿಗೆ ಎರಡು ವರ್ಷವೂ ಕಳೆಯದ ಎಲಿಜಬೆತ್ ಡೇಲ್ ಆತನ ಆಸ್ತಿಗೆ ಹಕ್ಕುದಾರಳಾದಳು. ಗಂಡನ ಬಾಕಿ ಹಣಕ್ಕಾಗಿ ಈಸ್ಟ್ ಇಂಡಿಯಾ ಕಂಪನಿಯೊಂದಿಗೆ ಆಕೆ ವರ್ಷಗಟ್ಟಲೆ ವ್ಯಾಜ್ಯ ನಡೆಸಿದಳು. ಎಂದೂ ಕಾಲಿಡದ ವರ್ಜೀನಿಯಾದ ಜಮೀನನ್ನು ಲಂಡನ್ನಿನಲ್ಲಿ ಕುಳಿತೇ ಉಳಿಸಿಕೊಂಡು, 1640ರಲ್ಲಿ ತೀರಿಕೊಂಡಳು.